ಮನೆಮನೆಯ ಆ 'ವಿಡಿಯೋ ಗೇಮ್', ಅದರ ಜಪಾನಿನ ಮೂಲ, ಅದರ ಎದುರಾಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ವಿಡಿಯೋ ಗೇಮ್ ಅಂದ್ರೆ ನನಗೆ ಪ್ರಾಣ. ಇದು ಗೊತ್ತಿರುವ ನೆಂಟರು, ಗೆಳೆಯರು, ಆಫೀಸಿನವರು ಸಿಕ್ಕಾಗೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಬೆಳೆದದ್ದು ಅರಸೀಕೆರೆಯಲ್ಲಿ, 90ರ ದಶಕದಲ್ಲಿ. ಹಾಗಾಗಿ ಜಪಾನಿನ ಕಥೆ ಹೇಳುವಾಗಲೂ ಮಧ್ಯೆ ಮಧ್ಯೆ ನಮ್ಮ ಮನೆ ಟಿವಿ ಬಂದುಹೋಗುತ್ತದೆ.

ನಮ್ಮ ಮನೇಲಿ ಇದ್ದದ್ದು ನಿಂಟೆಂಡೊ ತಾನೆ?

ಅಲ್ಲ. ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಇದ್ದದ್ದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಯಂತ್ರದ ನಕಲು. ಮೇಲೆ ಮೀಡಿಯಾ ಅಂತಲೋ, ಲಿಟಲ್ ಮಾಸ್ಟರ್ ಅಂತಲೋ, ಟರ್ಮಿನೇಟರ್ ಅಂತಲೋ ಬರೆದಿರುತ್ತಿತ್ತು. ನಾವು ಆ ಹೆಸರನ್ನು ಹಿಡಿದು ಕರೆದವರೇ ಅಲ್ಲ, 'ವಿಡಿಯೋ ಗೇಮ್' ಅಂದ್ರೆ ಅದೇ. ಒಳಗಿನ ಚಿಪ್ಪುಗಳು ತೈವಾನಿನವು, ಜೋಡಿಸಿದ್ದು ಎಲ್ಲೆಲ್ಲೋ. ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ರಷ್ಯಾದಲ್ಲಿ 1992ರಿಂದ ಡೆಂಡಿ ಅನ್ನೋ ನಕಲು ಮನೆಮಾತಾಯಿತು, ಪೋಲೆಂಡಿನಲ್ಲಿ ಪೆಗಾಸಸ್. ಅಲ್ಲಿನವರೊಂದಿಗೆ ಮಾತಾಡಿದರೆ ಅವರ ಬಾಲ್ಯವೂ ನಮ್ಮದೂ ಒಂದೇ ಕ್ಯಾಸೆಟ್‌ನಿಂದ ಬಂದ ಹಾಗಿರುತ್ತದೆ.

ಇನ್ನೊಂದು ವಿಷಯ. ಟರ್ಮಿನೇಟರ್ ಅಂತ ಬರುತ್ತಿದ್ದ ಆ ದುಂಡನೆ ಕಪ್ಪು ಡಬ್ಬದ ಹೊರಮೈ ನೋಡಿ. ಅದು ನಿಂಟೆಂಡೊದ ದೊಡ್ಡ ಎದುರಾಳಿ ಸೆಗಾದ ಮೆಗಾ ಡ್ರೈವ್ ತರಹ ಇದೆ. ಒಳಗೆ ಮಾತ್ರ ಫ್ಯಾಮಿಕಾಮ್. ಎರಡು ಕಂಪನಿಗಳ ಜಗಳ ನಮ್ಮ ಮನೆಗೆ ಬರುವಷ್ಟರಲ್ಲಿ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿತ್ತು.

ಹಾಗಾದ್ರೆ ಈ ಫ್ಯಾಮಿಕಾಮ್ ಯಾರು ಮಾಡಿದ್ದು?

ನಿಂಟೆಂಡೊದ ಎಂಜಿನಿಯರ್ ಮಸಾಯುಕಿ ಉಎಮುರಾ ಮತ್ತು ಅವರ ತಂಡ. ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1983ರ ಜುಲೈ 15ರಂದು, ಬೆಲೆ 14,800 ಯೆನ್. 'ಫ್ಯಾಮಿಲಿ ಕಂಪ್ಯೂಟರ್' ಅನ್ನೋದನ್ನು ಮೊಟಕು ಮಾಡಿ ಫ್ಯಾಮಿಕಾಮ್ ಅಂದರು. ಇದನ್ನೇ ಬೇರೆ ಡಬ್ಬದಲ್ಲಿ ಹಾಕಿ 1985ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮಾರಾಟಕ್ಕೆ ಇಟ್ಟಾಗ ಎನ್‌ಇಎಸ್ ಅಂತ ಹೆಸರಾಯಿತು. ಎರಡೂ ಸೇರಿ ಜಗತ್ತಿನಲ್ಲಿ 6 ಕೋಟಿ 19 ಲಕ್ಷದಷ್ಟು ಮಾರಾಟವಾದವು. ನಮ್ಮಂಥವರ ಮನೆಯ ನಕಲುಗಳು ಈ ಲೆಕ್ಕದಲ್ಲಿ ಇಲ್ಲ.

ಉಎಮುರಾ ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು. ನಿಂಟೆಂಡೊ ಬಿಟ್ಟ ಮೇಲೆ ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅಷ್ಟು ಅಗ್ಗದ ಯಂತ್ರ ಅಷ್ಟು ಚೆನ್ನಾಗಿ ಆಡಿಸಿದ್ದು ಹೇಗೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಆಗಿನ ಅಧ್ಯಕ್ಷ ಹಿರೋಶಿ ಯಮಾಉಚಿ ಹಾಕಿದ ಷರತ್ತು ಸರಳವಾಗಿತ್ತು: ಬೆಲೆ ಕಡಿಮೆ ಇರಬೇಕು, ಬೇರೆಯವರು ಬೇಗ ಸರಿಗಟ್ಟೋಕೆ ಆಗಬಾರದು. ಚಿಪ್ ಮಾಡಿಕೊಡಲು ರಿಕೋ ಕಂಪನಿ ಸಿಕ್ಕಿತು. ಬೆಲೆ ಇಳಿಸಬೇಕು ಅಂದ್ರೆ ಜಾಸ್ತಿ ಕೊಳ್ಳಬೇಕಲ್ವಾ, ನಿಂಟೆಂಡೊ ಎರಡು ವರ್ಷದಲ್ಲಿ 30 ಲಕ್ಷ ಚಿಪ್ ತಗೊಳ್ಳುವುದಾಗಿ ಮಾತು ಕೊಟ್ಟಿತು. ಒಂದು ಯಂತ್ರವೂ ಮಾರಾಟವಾಗದೆ ಇದ್ದಾಗ ಕೊಟ್ಟ ಮಾತು ಇದು.

ಒಳಗೆ ಇದ್ದದ್ದು ಎಷ್ಟು ಅಂದ್ರೆ, ಕೆಲಸಕ್ಕೆ 2 ಕೆಬಿ ಮೆಮೊರಿ, ಚಿತ್ರಕ್ಕೆ ಇನ್ನೊಂದು 2 ಕೆಬಿ. ಪ್ರೊಸೆಸರ್ 1.79 ಮೆಗಾಹರ್ಟ್ಸ್. ಈಗ ಫೋನಿನಲ್ಲಿ ಬರುವ ಒಂದು ಶುಭೋದಯದ ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಆಟ, ಎಂಟು ಲೋಕ, ಹಾಡು, ನೀರು, ಬೆಂಕಿ, ಕೋಟೆ ಎಲ್ಲಾ ಸೇರಿ 40 ಕೆಬಿ. ಜಾಗ ಉಳಿಸಿದ್ದು ಹೇಗೆ ಅಂತ ನೋಡಬೇಕಾದರೆ ಮೊದಲ ಸ್ಟೇಜ್ ಹಾಕಿ, ಮಾರಿಯೋನ ಓಡಿಸಬೇಡಿ, ಸುಮ್ನೆ ನಿಲ್ಲಿಸಿ. ಮೇಲೆ ಬಿಳಿ ಮೋಡ ಕಾಣುತ್ತೆ, ಕೆಳಗೆ ಹಸಿರು ಪೊದೆ. ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಇದು ಗೊತ್ತಾದ ದಿನ ನಾನು ಟಿವಿ ಹತ್ತಿರ ಹೋಗಿ ಒಂದೊಂದು ಉಬ್ಬನ್ನೂ ಬೆರಳಿಟ್ಟು ಎಣಿಸಿದ್ದೆ.

ಇನ್ನೊಂದು ಜಾಣತನ ಕ್ಯಾಸೆಟ್‌ನಲ್ಲಿ ಇತ್ತು. ಯಂತ್ರಕ್ಕೆ ಬಲ ಸಾಲದಿದ್ದರೆ ಕ್ಯಾಸೆಟ್ ಒಳಗೇ ಹೆಚ್ಚುವರಿ ಚಿಪ್ ಹಾಕಬಹುದಿತ್ತು. 1988ರ ಸೂಪರ್ ಮಾರಿಯೋ 3 ಬರುವಷ್ಟರಲ್ಲಿ ಆಟದ ಗಾತ್ರ 384 ಕೆಬಿ ಆಗಿತ್ತು, ಆದರೆ ಆಡಿಸುತ್ತಿದ್ದದ್ದು ಅದೇ 1983ರ ಡಬ್ಬ.

ಆ ಪ್ಲಸ್ ಆಕಾರದ ಬಟನ್ ಕೂಡ ಅವರದ್ದೇನಾ?

ಹೌದು, ಗುನ್‌ಪೇ ಯೊಕೊಯ್ ಅವರದ್ದು. 1982ರಲ್ಲಿ ಕೈಯಲ್ಲಿ ಹಿಡಿಯುವ ಡಾಂಕಿ ಕಾಂಗ್ ಆಟಕ್ಕೆ ಮಾಡಿದ್ದನ್ನು ಫ್ಯಾಮಿಕಾಮ್‌ಗೆ ತಂದರು. ಫ್ಯಾಮಿಕಾಮ್‌ನ ಎರಡನೇ ರಿಮೋಟಿನಲ್ಲಿ ಒಂದು ಪುಟ್ಟ ಮೈಕ್ ಕೂಡ ಇತ್ತು. ಝೆಲ್ಡಾ ಆಟದಲ್ಲಿ ದೊಡ್ಡ ಕಿವಿಯ ಒಂದು ರಾಕ್ಷಸ ಬರುತ್ತೆ, ಮೈಕಿನಲ್ಲಿ ಕೂಗಿದರೆ ಅದು ಸತ್ತುಹೋಗುತ್ತೆ. ಅಮೆರಿಕದ ಯಂತ್ರದಲ್ಲಿ ಮೈಕ್ ಇರಲಿಲ್ಲ, ಆದರೂ ಅಲ್ಲಿನ ಪುಸ್ತಕದಲ್ಲಿ 'ಇದಕ್ಕೆ ಜೋರು ಸದ್ದು ಆಗಲ್ಲ' ಅಂತ ಬರೆದಿದ್ದರು. ಅಲ್ಲಿನ ಮಕ್ಕಳು ಎಷ್ಟು ತಲೆ ಕೆಡಿಸಿಕೊಂಡಿರಬೇಕು!

ಮೊದಲ ಎದುರಾಳಿ ಯಾರು?

ಸೆಗಾ. ಅದೂ ಎಂಥ ಕಾಕತಾಳೀಯ ನೋಡಿ, ಸೆಗಾದ ಮೊದಲ ಯಂತ್ರ ಎಸ್‌ಜಿ-1000 ಮಾರಾಟಕ್ಕೆ ಬಂದದ್ದೂ 1983ರ ಜುಲೈ 15ರಂದೇ. ಬೆಲೆ 15,000 ಯೆನ್. 200 ಯೆನ್ ವ್ಯತ್ಯಾಸ ಅಷ್ಟೆ. ಆದರೆ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಫ್ಯಾಮಿಕಾಮ್‌ನ ಡಾಂಕಿ ಕಾಂಗ್ ಆಟ ಥೇಟ್ ಆರ್ಕೇಡ್ ಯಂತ್ರದಲ್ಲಿ (ಕಾಸು ಹಾಕಿ ನಿಂತು ಆಡುವ ದೊಡ್ಡ ಯಂತ್ರ) ಇದ್ದ ಹಾಗೆ ಕಾಣುತ್ತಿತ್ತು, ಎಸ್‌ಜಿ-1000 ಒಂದು ತಲೆಮಾರು ಹಳೆಯದರ ಹಾಗೆ.

ಆದರೂ ಸೆಗಾಗೆ ಅವಕಾಶ ಇರಲಿಲ್ಲ ಅಂತ ಅಲ್ಲ. ಫ್ಯಾಮಿಕಾಮ್‌ನ ಮೊದಲ ಕೆಲವು ಬ್ಯಾಚ್‌ಗಳಲ್ಲಿ ತೊಂದರೆ ಕಾಣಿಸಿತು, ಆಟ ನಡುವೆ ನಿಂತುಹೋಗುತ್ತಿತ್ತು. ನಿಂಟೆಂಡೊ ಮಾರಿದ್ದನ್ನೆಲ್ಲ ವಾಪಸ್ ಕರೆಸಿ ಒಳಗಿನ ಬೋರ್ಡ್ ಬದಲಿಸಿ ಕೊಟ್ಟಿತು. ಹೊಸದಾಗಿ ಶುರು ಮಾಡಿದ ವ್ಯಾಪಾರದಲ್ಲಿ ಇದು ಸಣ್ಣ ಖರ್ಚಲ್ಲ. ಚೌಕಾಕಾರದ ರಬ್ಬರ್ ಬಟನ್‌ಗಳು ಸಿಕ್ಕಿಕೊಳ್ಳುತ್ತಿದ್ದವು, ಅವನ್ನೂ ತೆಗೆದು ದುಂಡನೆ ಪ್ಲಾಸ್ಟಿಕ್ ಬಟನ್ ಹಾಕಿದರು. ತಪ್ಪು ಗೊತ್ತಾದ ಕೂಡಲೇ ಸರಿಮಾಡಿದ್ದು ಅವರನ್ನು ಕಾಪಾಡಿತು ಅಂತ ನಾನು ನಂಬುತ್ತೇನೆ.

ಅಟಾರಿ ಅಂತ ಒಂದಿತ್ತಲ್ಲ, ಅದೇನಾಯ್ತು?

ಅಮೆರಿಕದಲ್ಲಿ 1977ರಿಂದ ಅಟಾರಿ 2600ನದ್ದೇ ರಾಜ್ಯಭಾರ. ಅದಕ್ಕೆ ಯಾರು ಬೇಕಾದರೂ ಆಟ ಮಾಡಿ ಮಾರಬಹುದಾಗಿತ್ತು, ಮಾರಿದರು ಕೂಡ. ಕಳಪೆ ಆಟಗಳು ಅಂಗಡಿ ತುಂಬಿದವು. 1983ರಲ್ಲಿ ಇಡೀ ಮಾರುಕಟ್ಟೆ ಕುಸಿದುಬಿತ್ತು. ಮಾರಾಟವಾಗದ ಕ್ಯಾಸೆಟ್‌ಗಳನ್ನು ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ತುಂಬಾ ವರ್ಷ ಇದು ಬರೀ ಕಟ್ಟುಕಥೆ ಅಂದುಕೊಂಡಿದ್ದರು, 2014ರ ಏಪ್ರಿಲ್‌ನಲ್ಲಿ ಅಗೆದಾಗ ಕ್ಯಾಸೆಟ್‌ಗಳು ನಿಜವಾಗಿಯೂ ಸಿಕ್ಕವು.

ಇದಕ್ಕಿಂತ ಸ್ವಾರಸ್ಯದ ವಿಷಯ ಒಂದಿದೆ. 1983ರಲ್ಲಿ ನಿಂಟೆಂಡೊ, ಫ್ಯಾಮಿಕಾಮ್ ಅನ್ನು ಜಪಾನಿನ ಹೊರಗೆ ಮಾರುವ ಹಕ್ಕನ್ನು ಅಟಾರಿಗೇ ಕೊಡಲು ಮಾತುಕತೆ ನಡೆಸಿತ್ತು. ಸಹಿ ಹಾಕುವ ಹೊತ್ತಿಗೆ ಕೊಲೆಕೋ ಅನ್ನೋ ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ ಡಾಂಕಿ ಕಾಂಗ್ ಓಡುವುದನ್ನು ಅಟಾರಿಯವರು ನೋಡಿದರು, ಗಲಾಟೆ ಆಯಿತು, ಅಷ್ಟರಲ್ಲಿ ಅಟಾರಿಯ ಮುಖ್ಯಸ್ಥರೂ ಬದಲಾದರು, ವ್ಯವಹಾರ ಮುರಿದುಬಿತ್ತು. ಆ ಸಹಿ ಬಿದ್ದಿದ್ದರೆ ನಮ್ಮ ಟಿವಿಯ ಮೇಲೆ ಅಟಾರಿ ಹೆಸರಿನ ಫ್ಯಾಮಿಕಾಮ್ ಇರುತ್ತಿತ್ತೇನೋ.

ಎರಡು ವರ್ಷದ ನಂತರ ನಿಂಟೆಂಡೊ ತಾನೇ ಅಮೆರಿಕಕ್ಕೆ ಹೋಯಿತು. ಅಲ್ಲಿನ ಅಂಗಡಿಯವರು ವಿಡಿಯೋ ಗೇಮ್ ಅಂದ್ರೆ ಕೈ ಮುಗಿಯುತ್ತಿದ್ದರು. ಅದಕ್ಕೇ ಆಟಿಕೆಯಂಥ ಕೆಂಪು-ಬಿಳಿ ಡಬ್ಬ ಬಿಟ್ಟು, ವಿಸಿಆರ್ ಹಾಗೆ ಕಾಣುವ ಬೂದು ಪೆಟ್ಟಿಗೆ ಮಾಡಿದರು. ಜೊತೆಗೆ ಆರ್‌ಒಬಿ ಅನ್ನೋ ಪುಟ್ಟ ರೋಬೋಟ್ ಕೊಟ್ಟರು, ಆಟಿಕೆ ಅಂಗಡಿಯ ಬಾಗಿಲು ತೆರೆಸೋಕೆ ಅದು ಸಾಕಾಯಿತು. ಅಟಾರಿಯ 7800 ಕೂಡ 1986ರಲ್ಲಿ ಬಂತು, ಆದರೆ ತಡವಾಗಿತ್ತು.

ಸೆಗಾ ಮಾಸ್ಟರ್ ಸಿಸ್ಟಮ್ ಇನ್ನೂ ಚೆನ್ನಾಗಿತ್ತಂತೆ. ಮತ್ಯಾಕೆ ಸೋತಿತು?

ಕಾಗದದ ಮೇಲೆ ಚೆನ್ನಾಗೇ ಇತ್ತು. 1985ರಲ್ಲಿ ಜಪಾನಿನಲ್ಲಿ ಮಾರ್ಕ್ III ಅಂತ ಬಂತು, ಮರುವರ್ಷ ಅಮೆರಿಕದಲ್ಲಿ ಮಾಸ್ಟರ್ ಸಿಸ್ಟಮ್ ಆಯಿತು. ಪ್ರೊಸೆಸರ್ 3.58 ಮೆಗಾಹರ್ಟ್ಸ್‌ನ ಝಡ್80, ಮೆಮೊರಿ 8 ಕೆಬಿ. ಒಂದೇ ಸಲಕ್ಕೆ ತೆರೆಯ ಮೇಲೆ 32 ಬಣ್ಣ ತೋರಿಸುತ್ತಿತ್ತು, ಎನ್‌ಇಎಸ್ ತೋರಿಸುತ್ತಿದ್ದದ್ದು 25.

ಸೋಲಿಗೆ ಕಾರಣ ಯಂತ್ರ ಅಲ್ಲ, ಕರಾರು. ನಿಂಟೆಂಡೊಗೆ ಆಟ ಮಾಡಿಕೊಡುವ ಬೇರೆ ಕಂಪನಿಗಳು ಅಮೆರಿಕದಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು: ವರ್ಷಕ್ಕೆ 5 ಆಟ ಮಾತ್ರ, ಕ್ಯಾಸೆಟ್ ನಿಂಟೆಂಡೊನೇ ತಯಾರಿಸಬೇಕು, ಅದೇ ಆಟವನ್ನು 2 ವರ್ಷ ಬೇರೆ ಯಂತ್ರಕ್ಕೆ ಕೊಡುವ ಹಾಗಿಲ್ಲ. ಹೀಗಿದ್ದರೆ ಸೆಗಾಗೆ ಆಟ ಎಲ್ಲಿಂದ ಬರಬೇಕು? ಹೆಚ್ಚಿನದ್ದನ್ನು ಅವರೇ ಕೂತು ಮಾಡಬೇಕಾಯಿತು. ಕೊನಾಮಿಯಂಥ ಕಂಪನಿ ವರ್ಷಕ್ಕೆ 5ರ ಮಿತಿ ದಾಟೋಕೆ ಅಲ್ಟ್ರಾ ಗೇಮ್ಸ್ ಅಂತ ಇನ್ನೊಂದು ಹೆಸರೇ ಹುಟ್ಟುಹಾಕಿತು. ಕಳಪೆ ಆಟಗಳ ಪ್ರವಾಹದಿಂದ ಮಾರುಕಟ್ಟೆ ಉಳಿಸೋಕೆ ಒಂದಿಷ್ಟು ಬಿಗಿ ಬೇಕಿತ್ತು ಅಂತ ಒಪ್ಪುತ್ತೇನೆ. ಆದರೆ ಆ 2 ವರ್ಷದ ಷರತ್ತು ಬರೀ ಎದುರಾಳಿಯ ಕತ್ತು ಹಿಸುಕೋಕೆ ಮಾಡಿದ್ದು. ನಿಂಟೆಂಡೊ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಇದನ್ನು ಸರಿ ಅನ್ನೋಕೆ ಆಗಲ್ಲ.

ಮತ್ತೆ ಎಲ್ಲಾ ಕಡೆ ಸೋಲಲಿಲ್ಲ ಅನ್ನೋದೂ ನೆನಪಿರಲಿ. ಯುರೋಪಿನಲ್ಲಿ ಮಾಸ್ಟರ್ ಸಿಸ್ಟಮ್ ಒಳ್ಳೆಯ ಪೈಪೋಟಿ ಕೊಟ್ಟಿತು. ಬ್ರೆಜಿಲ್‌ನಲ್ಲಂತೂ ಟೆಕ್‌ಟಾಯ್ ಅನ್ನೋ ಅಲ್ಲಿನ ಕಂಪನಿ 1989ರಲ್ಲಿ ಮಾರೋಕೆ ಶುರು ಮಾಡಿ, ಸೆಗಾದ ಆಟಗಳಿಗೆ ಅಲ್ಲಿನ ಮಕ್ಕಳ ಅಚ್ಚುಮೆಚ್ಚಿನ ಕಾಮಿಕ್ಸ್ ಹುಡುಗಿ ಮೋನಿಕಾಳನ್ನು ಸೇರಿಸಿ ಪೋರ್ಚುಗೀಸ್‌ನಲ್ಲಿ ಬಿಡುಗಡೆ ಮಾಡಿತು. ಅದನ್ನು ಓದಿದಾಗೆಲ್ಲ ಅನಿಸುತ್ತೆ, ಕನ್ನಡದಲ್ಲೂ ಯಾರಾದರೂ ಹೀಗೊಂದು ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ.

ಕೊಡಲಿ ಎಸೆಯುವ, ಹಣ್ಣು ತಿನ್ನುವ ಹುಡುಗನ ಆಟ ಸೆಗಾದ್ದು ಅಂತಾರಲ್ಲ?

ಅರ್ಧ ನಿಜ. ಎಸ್ಕೇಪ್ ಅನ್ನೋ ಪುಟ್ಟ ಕಂಪನಿ 1986ರಲ್ಲಿ ಸೆಗಾಗೆ ವಂಡರ್ ಬಾಯ್ ಅನ್ನೋ ಆರ್ಕೇಡ್ ಆಟ ಮಾಡಿಕೊಟ್ಟಿತು. ಹೆಸರು ಮತ್ತು ಆ ಪಾತ್ರ ಸೆಗಾ ಹತ್ತಿರ ಉಳಿಯಿತು, ಉಳಿದ ಆಟ ಎಸ್ಕೇಪ್ ಹತ್ತಿರ. ಹಡ್ಸನ್ ಕಂಪನಿ ಅದನ್ನು ಫ್ಯಾಮಿಕಾಮ್‌ಗೆ ತರುವಾಗ ಹುಡುಗನನ್ನು ತೆಗೆದು, ತನ್ನ ಕಂಪನಿಯ ಪ್ರಚಾರದ ಕೆಲಸ ಮಾಡುತ್ತಿದ್ದ ತಕಾಹಾಶಿ ಅವರ ಮುಖ ಹೋಲುವ ಟೊಪ್ಪಿಯವನನ್ನು ಹಾಕಿತು. ಸೆಕೆಂಡಿಗೆ 16 ಸಲ ಬಟನ್ ಒತ್ತುವುದರಲ್ಲಿ ಜಪಾನಿನಲ್ಲೆಲ್ಲ ಹೆಸರಾದವರು ಅವರು. ಅದೇ ಅಡ್ವೆಂಚರ್ ಐಲ್ಯಾಂಡ್. ನಾವು ನಿಂಟೆಂಡೊ ನಕಲಿನಲ್ಲಿ ಆಡಿದ್ದು ಎದುರಾಳಿಯ ಮನೆಯಲ್ಲಿ ಹುಟ್ಟಿದ ಆಟ.

ನಕಲು ಮಾಡೋದು ಅಷ್ಟು ಸುಲಭ ಹೇಗಾಯ್ತು?

ಅಮೆರಿಕದ ಎನ್‌ಇಎಸ್ ಒಳಗೆ ಒಂದು ಬೀಗದ ಚಿಪ್ ಇತ್ತು. ಕ್ಯಾಸೆಟ್‌ನಲ್ಲೂ ಅದರ ಜೋಡಿ ಚಿಪ್. ಎರಡೂ ಪರಸ್ಪರ ಮಾತಾಡಿ ಸರಿ ಅಂದರೆ ಆಟ, ಇಲ್ಲಾಂದ್ರೆ ಯಂತ್ರ ಸೆಕೆಂಡಿಗೊಮ್ಮೆ ರೀಸೆಟ್ ಆಗುತ್ತಾ ದೀಪ ಮಿಣುಕುತ್ತಾ ಕೂರುತ್ತಿತ್ತು. ಅಟಾರಿಯ ಟೆಂಜೆನ್ ಅನ್ನೋ ಶಾಖೆ ಈ ಬೀಗ ಒಡೆಯೋಕೆ ಅಮೆರಿಕದ ಕಾಪಿರೈಟ್ ಕಚೇರಿಯಿಂದ ಸುಳ್ಳು ಹೇಳಿ ಕೋಡ್ ತರಿಸಿಕೊಂಡಿತು, ಕೋರ್ಟಿನಲ್ಲಿ ಸಿಕ್ಕಿಬಿತ್ತು. ಆದರೆ ಜಪಾನಿನ ಫ್ಯಾಮಿಕಾಮ್‌ನಲ್ಲಿ ಈ ಬೀಗವೇ ಇರಲಿಲ್ಲ. ನಕಲು ಮಾಡಿದವರು ತಗೊಂಡದ್ದು ಫ್ಯಾಮಿಕಾಮ್‌ನ 60 ಪಿನ್ನಿನ ದಾರಿ. ಹಾಗಾಗಿ ಯಾವ ಕ್ಯಾಸೆಟ್ ತುರುಕಿದರೂ ಓಡುತ್ತಿತ್ತು.

ನಿಮ್ಮ ಹಳೇ ಕ್ಯಾಸೆಟ್ ಬಿಚ್ಚಿ ನೋಡಿ. ಹಸಿರು ಹಲಗೆಯ ಮೇಲೆ ಎರಡೋ ಮೂರೋ ಕಪ್ಪು ಹನಿಗಳಿರುತ್ತವೆ, ಡಾಂಬರು ತೊಟ್ಟಿಕ್ಕಿದ ಹಾಗೆ. ಚಿಪ್ಪಿಗೆ ಡಬ್ಬ ಹಾಕಿಸುವ ಖರ್ಚು ಉಳಿಸೋಕೆ ಬೆತ್ತಲೆ ಚಿಪ್ಪನ್ನೇ ಹಲಗೆಗೆ ಅಂಟಿಸಿ ಮೇಲೆ ಅಂಟು ಸುರಿದಿರುತ್ತಾರೆ. ಅದರೊಳಗೇ ಇಡೀ ಬೇಸಿಗೆ ರಜೆ.

9999 ಇನ್ 1 ಅಂತ ಬರೆದಿರುತ್ತಿತ್ತಲ್ಲ, ನಿಜವಾಗ್ಲೂ ಅಷ್ಟು ಆಟ ಇದ್ದವಾ?

ಇಲ್ಲ. ಬೆರಳೆಣಿಕೆಯಷ್ಟು ಆಟಗಳನ್ನೇ ತಿರುಗಿಸಿ ಮುರುಗಿಸಿ ಪಟ್ಟಿ ಉದ್ದ ಮಾಡಿರುತ್ತಿದ್ದರು. ಒಂದರಲ್ಲಿ ಮೊದಲ ಸ್ಟೇಜಿನಿಂದ ಶುರು, ಇನ್ನೊಂದರಲ್ಲಿ ಐದನೆಯದರಿಂದ, ಮತ್ತೊಂದರಲ್ಲಿ ಲೈಫ್ ಜಾಸ್ತಿ. ಟ್ಯಾಂಕ್ ಆಟ, ರೋಡ್ ಫೈಟರ್, ಸರ್ಕಸ್, ಬಾತುಕೋಳಿ, ಬೈಕು, ಎಲ್ಲವೂ ಚಿಕ್ಕ ಗಾತ್ರದವು. ಹಾಗಾಗಿ ಒಂದೇ ಕ್ಯಾಸೆಟ್‌ನಲ್ಲಿ ಹಿಡಿಸುತ್ತಿದ್ದವು.

ಟ್ಯಾಂಕ್ ಆಟದ ನಿಜವಾದ ಹೆಸರು ಬ್ಯಾಟಲ್ ಸಿಟಿ. ನಾಮ್ಕೋ ಕಂಪನಿಯದು, 1985ರದ್ದು. 35 ಸ್ಟೇಜ್, ಒಂದೊಂದರಲ್ಲಿ 20 ಶತ್ರು ಟ್ಯಾಂಕ್. ಅಮೆರಿಕದ ಎನ್‌ಇಎಸ್‌ಗೆ ಈ ಆಟ ಬಿಡುಗಡೆಯೇ ಆಗಲಿಲ್ಲ. ಅಲ್ಲಿನವರು ಇದರ ಬಗ್ಗೆ ಮಾತಾಡೋದಿಲ್ಲ ಯಾಕೆ ಅಂತ ಕೇಳುವವರಿಗೆ ಉತ್ತರ ಇದೇ. ನಮಗೋ, ಅಣ್ಣ ತಮ್ಮ ಜಗಳ ಮರೆತು ಒಂದು ಹದ್ದನ್ನು ಕಾಯುತ್ತಿದ್ದದ್ದು ಇದೊಂದರಲ್ಲೇ. ಸ್ಟೇಜ್ ನಾವೇ ಕಟ್ಟುವ ಅವಕಾಶ ಇತ್ತು, ಹದ್ದಿನ ಸುತ್ತ ಬಿಳಿ ಉಕ್ಕಿನ ಗೋಡೆ ಕಟ್ಟಿ ಇಡೀ ಮಧ್ಯಾಹ್ನ ಕಳೆಯುತ್ತಿದ್ದೆವು.

ಯೂಟ್ಯೂಬಿನಲ್ಲಿ ಮಾರಿಯೋ ಜಾಸ್ತಿ ಸ್ಪೀಡಾಗಿ ಓಡ್ತಾನೆ. ನನ್ನ ನೆನಪೇ ತಪ್ಪಾ?

ನಿಮ್ಮ ನೆನಪು ಸರಿಯಾಗೇ ಇದೆ. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿದ್ದವು. ನಮ್ಮದು ಪಾಲ್ ಪದ್ಧತಿ, 50 ಸಲ. ಆ ಕಾಲದ ಆಟಗಳು ಒಂದೊಂದು ಚಿತ್ರಕ್ಕೆ ಒಂದೊಂದು ಹೆಜ್ಜೆ ಲೆಕ್ಕದಲ್ಲಿ ನಡೆಯುತ್ತವೆ. ಅಲ್ಲಿ 5 ನಿಮಿಷ ಹಿಡಿಯುವ ಸ್ಟೇಜ್ ನಮ್ಮಲ್ಲಿ 6 ನಿಮಿಷ. ಮಾರಿಯೋನ ಜಿಗಿತ, ಆಮೆಯ ನಡಿಗೆ, ಮೇಲೆ ಇಳಿಯುತ್ತಿದ್ದ ಟೈಮ್, ಹಾಡು, ಎಲ್ಲಾ ನಿಧಾನ.

ಹಾಡಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತೈವಾನಿನ ಯುಎಂಸಿ ಕಂಪನಿಯ ನಕಲು ಚಿಪ್ಪುಗಳಲ್ಲಿ ಹಲವಕ್ಕೆ ಎರಡು ಬಗೆಯ ಧ್ವನಿ ಅದಲುಬದಲಾಗಿತ್ತು. ಸ್ವರ ಅದೇ, ನಾದ ಬೇರೆ, ಒಂದೇ ರಾಗವನ್ನು ಕೊಳಲಿನ ಬದಲು ಶಹನಾಯಿಯಲ್ಲಿ ನುಡಿಸಿದ ಹಾಗೆ. ಅಸಲಿ ಫ್ಯಾಮಿಕಾಮ್‌ನಲ್ಲಿ ಮಾರಿಯೋ ಹಾಡು ಮೊದಲ ಸಲ ಕೇಳಿದಾಗ ನನಗೆ 'ಇದು ನಮ್ಮ ಮಾರಿಯೋ ಅಲ್ಲ' ಅನಿಸಿತ್ತು. ಈಗಲೂ ನನ್ನ ಕಿವಿಗೆ ಆ ನಿಧಾನದ, ಸ್ವಲ್ಪ ಒಡಕು ಹಾಡೇ ಸರಿ ಅನಿಸುತ್ತೆ.

ಕ್ಯಾಸೆಟ್ ಊದಿದರೆ ನಿಜವಾಗಿಯೂ ಸರಿಯಾಗ್ತಿತ್ತಾ?

ಊದಿದ್ದರಿಂದ ಅಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಎರಡನೇ ಸಲ ಹಾಕುವಾಗ ಪಿನ್ನುಗಳು ಬೇರೆ ಜಾಗಕ್ಕೆ ತಾಕಿ ಕೂರುತ್ತಿದ್ದವು. ಬಾಯಿಯ ತೇವದಿಂದ ಪಿನ್ನು ಕಿಲುಬು ಹಿಡಿಯುತ್ತೆ, ದಯವಿಟ್ಟು ಊದಬೇಡಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ನಿಧಾನವಾಗಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕಪ್ಪಗೆ ಬರುವ ಕೊಳೆ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತೆ.

ಅಸಲಿ ಸೆಗಾ ನಮ್ಮ ದೇಶಕ್ಕೆ ಬಂದಿತ್ತಾ?

ಬಂದಿತ್ತು. 1995ರಲ್ಲಿ ಶಾ ವ್ಯಾಲೇಸ್ ಕಂಪನಿಯ ಜೊತೆ ಸೇರಿ ಸೆಗಾ ತನ್ನ ಮೆಗಾ ಡ್ರೈವ್ ಅನ್ನು ಭಾರತದಲ್ಲಿ ಮಾರಾಟಕ್ಕೆ ತಂದಿತು. ಆಮದು ಸುಂಕ ಶೇ 80ರಷ್ಟಿದ್ದ ಕಾಲ, ಅದನ್ನು ತಪ್ಪಿಸಿಕೊಳ್ಳೋಕೆ ಈ ದಾರಿ. ಆದರೂ ಬೆಲೆ 18,000 ರೂಪಾಯಿ. 1995ರ 18,000! ನಮ್ಮ ಬೀದಿಯಲ್ಲಿ ಅಷ್ಟು ದುಡ್ಡು ಇದ್ದವರು ಸ್ಕೂಟರ್ ತಗೊಳ್ಳುತ್ತಿದ್ದರು. ನಮ್ಮಲ್ಲಿ ನಕಲು ಗೆದ್ದದ್ದು ಯಾಕೆ ಅಂತ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಮೆಗಾ ಡ್ರೈವ್ ನಿಜಕ್ಕೂ ಒಂದು ತಲೆಮಾರು ಮುಂದಿನ ಯಂತ್ರ, 1988ರದ್ದು, 16 ಬಿಟ್. ನಿಂಟೆಂಡೊ ಅದಕ್ಕೆ ಎದುರಾಗಿ ಸೂಪರ್ ಫ್ಯಾಮಿಕಾಮ್ ತಂದದ್ದು 1990ರ ನವೆಂಬರ್‌ನಲ್ಲಿ.

ಪಿಸಿ ಎಂಜಿನ್ ಅಂತಲೂ ಒಂದಿತ್ತಂತೆ?

1987ರಲ್ಲಿ ಎನ್‌ಇಸಿ ಮತ್ತು ಹಡ್ಸನ್ ಸೇರಿ ಮಾಡಿದ್ದು. ಅಂಗೈಯಗಲದ ಯಂತ್ರ, ಎಟಿಎಂ ಕಾರ್ಡಿನ ಗಾತ್ರದ ಆಟಗಳು. ಜಪಾನಿನಲ್ಲಿ ಚೆನ್ನಾಗಿ ನಡೆಯಿತು, ಹೊರಗೆ ಅಷ್ಟಾಗಿ ಇಲ್ಲ.

ಕಾಂಟ್ರಾ ಆಟದಲ್ಲಿ 30 ಲೈಫ್ ಹೇಗೆ?

ಟೈಟಲ್ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಆಮೇಲೆ ಸ್ಟಾರ್ಟ್. ಇದನ್ನು ಮಾಡಿದ್ದು ಕೊನಾಮಿಯ ಕಝುಹಿಸಾ ಹಶಿಮೊಟೊ. ಗ್ರೇಡಿಯಸ್ ಆಟವನ್ನು ಫ್ಯಾಮಿಕಾಮ್‌ಗೆ ತರುವಾಗ ಪರೀಕ್ಷೆಗೆ ಆಡಿ ಆಡಿ ಸಾಕಾಗಿ, ತನಗೆ ಸುಲಭವಾಗಲಿ ಅಂತ ಹಾಕಿಕೊಂಡದ್ದು ಆಟದಲ್ಲೇ ಉಳಿಯಿತು. ಅವರು 2020ರಲ್ಲಿ ತೀರಿಕೊಂಡಾಗ ಜಗತ್ತಿನ ಎಲ್ಲೆಲ್ಲಿಂದಲೋ ಜನ ಆ ಹತ್ತು ಬಟನ್‌ಗಳನ್ನೇ ಬರೆದು ನಮಸ್ಕಾರ ಹೇಳಿದರು.

ಬಾತುಕೋಳಿ ಹೊಡೆಯುವ ಆಟದ ಗನ್ ಈಗಿನ ಟಿವಿಯಲ್ಲಿ ಯಾಕೆ ಕೆಲಸ ಮಾಡಲ್ಲ?

ಗನ್ನಿನಿಂದ ಏನೂ ಹೊರಗೆ ಬರೋದಿಲ್ಲ, ಅದು ಬೆಳಕು ನೋಡುವ ಕಣ್ಣು. ಟ್ರಿಗರ್ ಒತ್ತಿದ ಕ್ಷಣ ಇಡೀ ತೆರೆ ಕಪ್ಪಾಗುತ್ತೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತೆ. ಮೊದಲು ಕತ್ತಲು, ಆಮೇಲೆ ಬೆಳಕು ಅಂತ ಗನ್ ಹೇಳಿದರೆ ಗುರಿ ಸರಿ. ಎರಡು ಕೋಳಿ ಇದ್ದರೆ ಒಂದಾದ ಮೇಲೊಂದು ಚೌಕ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೆಲ್ಲ ಮುಗಿದಿರುತ್ತೆ. ಈಗಿನ ಎಲ್‌ಇಡಿ ಟಿವಿ ಚಿತ್ರ ತೋರಿಸೋಕೆ ಸ್ವಲ್ಪ ತಡಮಾಡುತ್ತೆ, ಚೌಕ ಮೂಡುವಷ್ಟರಲ್ಲಿ ಆಟ ನೋಡುವುದನ್ನು ನಿಲ್ಲಿಸಿರುತ್ತೆ. ಗನ್ ಬೇಕು ಅಂದ್ರೆ ಹಳೇ ಡಬ್ಬ ಟಿವಿಯೇ ಬೇಕು.

ಅಟ್ಟದ ಮೇಲೆ ಹಳೇದೊಂದು ಇದೆ. ಈಗ ಹಾಕಿದ್ರೆ ಓಡುತ್ತಾ?

ಓಡುವ ಸಾಧ್ಯತೆ ಜಾಸ್ತಿ. ಆದರೆ ಅಡಾಪ್ಟರ್ ನೋಡದೆ ಹಾಕಬೇಡಿ, ಇದೊಂದನ್ನು ಒತ್ತಿ ಹೇಳುತ್ತೇನೆ. ಬಹಳಷ್ಟು ನಕಲುಗಳಿಗೆ 9 ವೋಲ್ಟ್ ಡಿಸಿ ಬೇಕು, ಆದರೆ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. ಅಸಲಿ ಫ್ಯಾಮಿಕಾಮ್‌ಗೆ ನಡುವೆ ಮೈನಸ್. ಅಮೆರಿಕದ ಎನ್‌ಇಎಸ್‌ನ ಅಡಾಪ್ಟರ್ ಎಸಿ ಕೊಡುತ್ತೆ, ಅದನ್ನು ಇವಕ್ಕೆ ಹಾಕಲೇಬಾರದು. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ 'ಇದೇ ಆಗುತ್ತೆ ತಗೊಳ್ಳಿ ಸಾರ್' ಅಂತ ಕೊಟ್ಟ ಅಡಾಪ್ಟರ್ ಹಾಕಿ ನನ್ನ ಯಂತ್ರದಿಂದ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ 7805 ಅನ್ನೋ ಮೂರು ಕಾಲಿನ ಬಿಡಿಭಾಗ ಹೋಗಿತ್ತು. ಅದು 9 ವೋಲ್ಟನ್ನು 5ಕ್ಕೆ ಇಳಿಸುವಂಥದ್ದು. ಪುಣ್ಯಕ್ಕೆ ಚಿಪ್ ಉಳಿದಿತ್ತು. ಟಿವಿ ರಿಪೇರಿ ಮಾಡುವವರ ಹತ್ತಿರ 7805 ಸುಲಭವಾಗಿ ಸಿಗುತ್ತೆ, ಬೆಲೆಯೂ ಕಡಿಮೆ.

ಹಿಂದೆ ಹಳದಿ ಮತ್ತು ಬಿಳಿ ಎವಿ ತೂತು ಇದ್ದರೆ ಅದನ್ನೇ ಬಳಸಿ. ಇಲ್ಲಾಂದ್ರೆ ಆಂಟೆನಾ ತೂತಿಗೆ ಹಾಕಿ ಚಾನೆಲ್ ಹುಡುಕಬೇಕು, ಟಿವಿಯಲ್ಲಿ ಅನಲಾಗ್ ಟ್ಯೂನರ್ ಇರಬೇಕು. ಬಟನ್ ಒತ್ತಿದರೂ ಮಾರಿಯೋ ಜಿಗಿಯದಿದ್ದರೆ ರಿಮೋಟ್ ಬಿಚ್ಚಿ ರಬ್ಬರಿನ ಕೆಳಗಿರುವ ಕಪ್ಪು ಗುಂಡಿಗಳನ್ನು ಒರೆಸಿ, ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತೆ.

ಈ ಆಟಗಳನ್ನ ಅಸಲಿಯಾಗಿ ಆಡಬೇಕು ಅಂದ್ರೆ?

ನಿಂಟೆಂಡೊ ಸ್ವಿಚ್ ಇದ್ದವರು ಚಂದಾ ಕಟ್ಟಿ ಹಳೇ ಆಟ ಆಡಬಹುದು. 2016ರಲ್ಲಿ 30 ಆಟ ಇರುವ ಪುಟ್ಟ ಎನ್‌ಇಎಸ್ ಒಂದು ಬಿಟ್ಟಿದ್ದರು, ಹಳೇದು ಸಿಕ್ಕರೆ ನೋಡಿ. ಜಪಾನಿನಲ್ಲಿ ನೆಂಟರೋ ಗೆಳೆಯರೋ ಇದ್ದರೆ ಬಳಸಿದ ಫ್ಯಾಮಿಕಾಮ್ ತರಿಸಬಹುದು, ನಾನು ತರಿಸಿದ್ದೂ ಹಾಗೇ. ಅಲ್ಲಿ 2003ರವರೆಗೂ ತಯಾರಿಸುತ್ತಿದ್ದರು.

ಬಾತುಕೋಳಿ ಆಟದಲ್ಲಿ ಎರಡನೆಯವರಿಗೆ ಕೆಲಸವೇ ಇಲ್ವಲ್ಲ?

ಇದೆ! ಒಂದೇ ಕೋಳಿ ಬರುವ ಆಟ ಆರಿಸಿಕೊಂಡರೆ, ಎರಡನೇ ರಿಮೋಟಿನಿಂದ ಆ ಕೋಳಿಯನ್ನು ಹಾರಿಸಬಹುದು. ನಕಲು ಯಂತ್ರದ ಜೊತೆ ಪುಸ್ತಕ ಕೊಡುತ್ತಿರಲಿಲ್ಲವಾದ್ದರಿಂದ ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಚಿಕ್ಕವರಿದ್ದಾಗ ಗನ್ ಯಾವಾಗಲೂ ನನ್ನ ಕೈಯಲ್ಲೇ, ನನ್ನ ಅಕ್ಕ ಪಕ್ಕದಲ್ಲೇ ಕೂತು ತನ್ನ ಸರದಿಗೆ ಕಾಯುತ್ತಿದ್ದಳು. ಹೋದ ದೀಪಾವಳಿಗೆ ಅಜ್ಜಿ ಮನೆಯ ಡಬ್ಬ ಟಿವಿಗೆ ಎಲ್ಲಾ ಜೋಡಿಸಿ, ಎರಡನೇ ರಿಮೋಟ್ ಅಕ್ಕನ ಕೈಗೆ ಕೊಟ್ಟೆ. ಅವಳು ಕೋಳಿಯನ್ನು ತೆರೆಯ ಮೂಲೆಯಿಂದ ಮೂಲೆಗೆ ಓಡಿಸುತ್ತಲೇ ಇದ್ದಳು. ನಾನು ಹೊಡೆದ ಮೂರು ಗುಂಡೂ ತಪ್ಪಿತು, ನಾಯಿ ಹುಲ್ಲಿನಿಂದ ಎದ್ದು ನಕ್ಕಿತು, ಅಕ್ಕ 'ಇನ್ನೊಂದು ಸಲ ಹಾಕೋ' ಅಂದಳು.